ಹೌದು, ಅಲ್ಲ, ಖಾಲಿ: ಗಣಕವು ನಿಜ–ಸುಳ್ಳನ್ನು ತಿಳಿಯುವ ಬಗೆ

ಶಾಲಾ ಪ್ರವೇಶದ ಅರ್ಜಿ, ವಿದ್ಯಾರ್ಥಿವೇತನದ ನಮೂನೆ, ಪರೀಕ್ಷಾ ಶುಲ್ಕದ ಪಟ್ಟಿ, ಪಡಿತರ ಚೀಟಿ. ನಮ್ಮ ಮಕ್ಕಳ ಬದುಕಿಗೆ ಸಂಬಂಧಿಸಿದ ಬಹುತೇಕ ಕಾಗದಗಳು ಇಂದು ಗಣಕದೊಳಗೆ ಸೇರಿವೆ. ಕಾಗದವನ್ನು ಓದುವ ಗುಮಾಸ್ತರು ಬರೆದುದರ ಹಿಂದಿನ ಅರ್ಥವನ್ನು ಊಹಿಸಬಲ್ಲರು. ಅನುಮಾನ ಬಂದರೆ ಕರೆದು ಕೇಳಬಲ್ಲರು. ಗಣಕವು ಹಾಗೆ ಕೇಳುವುದಿಲ್ಲ. ಎಷ್ಟೇ ದೊಡ್ಡ ಪ್ರೋಗ್ರಾಂ ಆಗಿರಲಿ, ನಿರ್ಧಾರ ತೆಗೆದುಕೊಳ್ಳಬೇಕಾದ ಪ್ರತಿಯೊಂದು ಕವಲಿನಲ್ಲಿ ಅದು ತನಗೆ ತಾನೇ ಹಾಕಿಕೊಳ್ಳುವ ಪ್ರಶ್ನೆ ಒಂದೇ: ಈ ಮಾತು ನಿಜವೇ, ಸುಳ್ಳೇ?

ನಾರಾಯಣಪೇಟೆ, ಮಕ್ತಲ, ಗದ್ವಾಲ ಭಾಗದಲ್ಲಿ ಮಕ್ಕಳನ್ನು ಕನ್ನಡ ಮಾಧ್ಯಮದಲ್ಲಿ ಓದಿಸುತ್ತಿರುವ ಕುಟುಂಬಗಳಿಗೆ ಈ ಪ್ರಶ್ನೆ ದೂರದ್ದಲ್ಲ. ‘ಮಾಧ್ಯಮ ಕನ್ನಡವೇ?’ ಎಂಬ ಒಂದು ಚೌಕದಲ್ಲಿ ಗುರುತು ಬಿದ್ದಿದೆಯೋ ಇಲ್ಲವೋ ಎಂಬುದರ ಮೇಲೆ ಪಠ್ಯಪುಸ್ತಕಗಳ ಎಣಿಕೆ ನಿಲ್ಲಬಹುದು, ಶಿಕ್ಷಕರ ಎಣಿಕೆ ನಿಲ್ಲಬಹುದು. ಆದುದರಿಂದ ಗಣಕದ ನಿಜ–ಸುಳ್ಳುಗಳ ಲೆಕ್ಕವನ್ನು ಪ್ರೋಗ್ರಾಂ ಕಲಿಯುವ ವಿದ್ಯಾರ್ಥಿಯೂ ಅರ್ಜಿ ತುಂಬುವ ಪೋಷಕರೂ ಅರಿತಿರುವುದು ಒಳ್ಳೆಯದು. ಇದಕ್ಕೆ ಬೇಕಾದ ಸಾಮಗ್ರಿ ನಮ್ಮ ಮಗ್ಗದಲ್ಲಿಯೂ ನಮ್ಮ ಕನ್ನಡ ವ್ಯಾಕರಣದ ಪಾಠದಲ್ಲಿಯೂ ಈಗಾಗಲೇ ಇದೆ.

ಎರಡೇ ಬೆಲೆಗಳು

ಪ್ರೋಗ್ರಾಂಗಳಲ್ಲಿ ಅಂಕಿ, ಪದ, ದಿನಾಂಕ ಮುಂತಾದ ಹಲವು ಬಗೆಯ ಬೆಲೆಗಳಿರುತ್ತವೆ. ಅವುಗಳಲ್ಲಿ ಅತಿ ಚಿಕ್ಕದು ಬೂಲಿಯನ್ ಎಂಬ ಬಗೆ. ಇದರಲ್ಲಿ ಇರುವುದು ಎರಡೇ ಬೆಲೆ: ನಿಜ ಮತ್ತು ಸುಳ್ಳು. ಇಂಗ್ಲಿಷ್ ಪದಗಳನ್ನು ಬಳಸುವ ಭಾಷೆಗಳಲ್ಲಿ ಇವನ್ನು ‘ಟ್ರೂ’, ‘ಫಾಲ್ಸ್’ ಎಂದು ಬರೆಯುತ್ತಾರೆ. ಒಳಗೆ ಇವು 1 ಮತ್ತು 0 ಆಗಿ ಉಳಿಯುತ್ತವೆ.

ಬೂಲಿಯನ್ ಬೆಲೆ ಹೆಚ್ಚಾಗಿ ಹೋಲಿಕೆಯಿಂದ ಹುಟ್ಟುತ್ತದೆ. ಉತ್ತೀರ್ಣತೆಗೆ 35 ಅಂಕ ಬೇಕು ಎಂದಿಟ್ಟುಕೊಳ್ಳೋಣ.

ಅಂಕ >= 35

ಈ ಸಾಲು ಒಂದು ಪ್ರಶ್ನೆ. ಅಂಕ 62 ಆಗಿದ್ದರೆ ಇದರ ಬೆಲೆ ನಿಜ. 28 ಆಗಿದ್ದರೆ ಸುಳ್ಳು. ಸರಿಯಾಗಿ 35 ಆಗಿದ್ದರೆ? ‘>=’ ಎಂಬ ಚಿಹ್ನೆಗೆ ‘ಅಷ್ಟೇ ಅಥವಾ ಅದಕ್ಕಿಂತ ಹೆಚ್ಚು’ ಎಂದರ್ಥ; ಆದುದರಿಂದ ನಿಜ. ಪ್ರೋಗ್ರಾಂ ಬರೆದವರು ಒಂದು ಚಿಹ್ನೆಯನ್ನು ಬಿಟ್ಟು ‘ಅಂಕ > 35’ ಎಂದು ಬರೆದಿದ್ದರೆ ಸರಿಯಾಗಿ 35 ಪಡೆದ ಮಗು ಅನುತ್ತೀರ್ಣವಾಗುತ್ತದೆ. 36 ಪಡೆದವರಿಗೂ 34 ಪಡೆದವರಿಗೂ ಈ ತಪ್ಪು ತಟ್ಟುವುದಿಲ್ಲ. ಗಡಿಯ ಮೇಲೆ ನಿಂತವರಿಗೆ ಮಾತ್ರ ತಟ್ಟುತ್ತದೆ. ಆದುದರಿಂದಲೇ ಯಾವ ಷರತ್ತನ್ನು ಬರೆದರೂ ಗಡಿಯ ಬೆಲೆಯನ್ನು ಹಾಕಿ ಮೊದಲು ಪರೀಕ್ಷಿಸಬೇಕು ಎಂಬುದು ಈ ವಿದ್ಯೆಯ ಮೊದಲ ಪಾಠ.

ಇನ್ನೊಂದು ಸೂಕ್ಷ್ಮವಿದೆ. ಅನೇಕ ಭಾಷೆಗಳಲ್ಲಿ ಒಂದೇ ‘=’ ಎಂದರೆ ಬೆಲೆಯನ್ನು ಇಡುವುದು; ಎರಡು ‘==’ ಎಂದರೆ ಎರಡೂ ಕಡೆ ಒಂದೇ ಬೆಲೆಯಿದೆಯೇ ಎಂದು ಕೇಳುವುದು. ಮೊದಲನೆಯದು ಆಜ್ಞೆ, ಎರಡನೆಯದು ಪ್ರಶ್ನೆ. ನಿಜ–ಸುಳ್ಳು ಎಂಬ ಉತ್ತರ ಬೇಕಾದುದು ಪ್ರಶ್ನೆಗೆ.

ಹಾಸು–ಹೊಕ್ಕಿನಲ್ಲಿರುವ ಒಂದು–ಸೊನ್ನೆ

ನಾರಾಯಣಪೇಟೆಯ ಚೌಕಳಿ ಸೀರೆಯನ್ನೂ, ಹತ್ತಿಯ ಒಡಲಿಗೆ ರೇಷ್ಮೆಯ ಅಂಚು–ಸೆರಗನ್ನು ಕೂಡಿಸುವ ಗದ್ವಾಲದ ಸೀರೆಯನ್ನೂ ನೇಯುವ ಮನೆಗಳ ಮಕ್ಕಳು ಎರಡು ಬೆಲೆಗಳ ಈ ಲೆಕ್ಕವನ್ನು ಕಣ್ಣಾರೆ ಕಂಡಿರುತ್ತಾರೆ. ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಎಳೆಗಳು ಹಾಸು. ಲಾಳಿ ಅಡ್ಡಲಾಗಿ ಹಾಯಿಸುವ ಎಳೆ ಹೊಕ್ಕು. ಲಾಳಿ ಒಂದು ಸಲ ಹಾಯುವಾಗ ಪ್ರತಿಯೊಂದು ಹಾಸಿನ ಎಳೆಗೂ ಎರಡೇ ಸ್ಥಿತಿ: ಮೇಲೆದ್ದಿರುವುದು ಅಥವಾ ಕೆಳಗಿರುವುದು. ಎದ್ದುದಕ್ಕೆ 1, ಇಳಿದುದಕ್ಕೆ 0 ಎಂದು ಬರೆದರೆ ಸಾದಾ ನೇಯ್ಗೆಯ ಒಂದು ಸಾಲು 1 0 1 0 1 0 ಆಗುತ್ತದೆ. ಮುಂದಿನ ಸಾಲು ಅದರ ವಿರುದ್ಧ, 0 1 0 1 0 1. ಹೂವು, ಗೋಪುರ, ಹಂಸ ಯಾವುದೇ ಆಗಲಿ, ಆ ವಿನ್ಯಾಸವೆಂದರೆ ಇಂತಹ ಸಾಲುಗಳ ಒಂದು ದೀರ್ಘ ಪಟ್ಟಿ.

ಫ್ರಾನ್ಸಿನ ಜೋಸೆಫ್ ಮೇರಿ ಜಕಾರ್ಡ್ 1804ರ ಸುಮಾರಿಗೆ ರೂಪಿಸಿದ ಸಾಧನವು ಈ ಪಟ್ಟಿಯನ್ನು ರಟ್ಟಿನ ಹಾಳೆಗಳ ಮೇಲೆ ತಂದಿತು. ರಟ್ಟಿನಲ್ಲಿ ರಂಧ್ರವಿದ್ದ ಕಡೆ ಸೂಜಿ ಒಳಹೊಕ್ಕು ಎಳೆ ಮೇಲೇಳುತ್ತದೆ. ರಂಧ್ರವಿಲ್ಲದ ಕಡೆ ಎಳೆ ಏಳುವುದಿಲ್ಲ. ಅವರ ಹೆಸರನ್ನೇ ಹೊತ್ತ ಜಕಾರ್ಡ್ ಪೆಟ್ಟಿಗೆಯನ್ನು ಮಗ್ಗದ ಮೇಲೆ ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ತಾವು ಯೋಜಿಸಿದ ಗಣನಯಂತ್ರಕ್ಕೆ ಆಜ್ಞೆ ನೀಡಲು ಇದೇ ಬಗೆಯ ರಟ್ಟುಗಳನ್ನು ಆರಿಸಿಕೊಂಡರು. 1890ರಲ್ಲಿ ಅಮೆರಿಕದ ಜನಗಣತಿಗೆ ಹರ್ಮನ್ ಹೊಲೆರಿತ್ ಬಳಸಿದುದೂ ರಂಧ್ರ ಹಾಕಿದ ಕಾರ್ಡುಗಳನ್ನೇ. ಒಬ್ಬ ವ್ಯಕ್ತಿಗೆ ಒಂದು ಕಾರ್ಡು. ರಂಧ್ರವಿದ್ದರೆ ಆ ಗುಣ ಇದೆ, ಇಲ್ಲದಿದ್ದರೆ ಇಲ್ಲ. ಬಟ್ಟೆ ನೇಯಲು ಬಂದ ಒಂದು–ಸೊನ್ನೆ ಹೀಗೆ ಜನರನ್ನು ಎಣಿಸುವ ಕೆಲಸಕ್ಕೂ ಬಂದಿತು.

ಚಮ್ಮಾರನ ಮಗನ ಬೀಜಗಣಿತ

ನಿಜ–ಸುಳ್ಳುಗಳಿಗೆ ಗಣಿತದ ರೂಪ ಕೊಟ್ಟವರು ಜಾರ್ಜ್ ಬೂಲ್. 1815ರಲ್ಲಿ ಇಂಗ್ಲೆಂಡಿನ ಲಿಂಕನ್ ಪಟ್ಟಣದಲ್ಲಿ ಪಾದರಕ್ಷೆ ಮಾಡುವವರೊಬ್ಬರ ಮಗನಾಗಿ ಹುಟ್ಟಿದ ಅವರು ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿ ಪದವಿ ಪಡೆದವರಲ್ಲ. ಬಹುಪಾಲು ತಾವೇ ಓದಿ ಕಲಿತವರು. ಹತ್ತೊಂಬತ್ತನೆಯ ವಯಸ್ಸಿನಲ್ಲಿಯೇ ಸ್ವಂತ ಶಾಲೆಯೊಂದನ್ನು ನಡೆಸತೊಡಗಿ, 1849ರಲ್ಲಿ ಐರ್ಲೆಂಡಿನ ಕಾರ್ಕ್ ನಗರದ ಕಾಲೇಜಿನಲ್ಲಿ ಗಣಿತದ ಪ್ರಾಧ್ಯಾಪಕರಾದರು. 1847ರ ಮತ್ತು 1854ರ ತಮ್ಮ ಎರಡು ಗ್ರಂಥಗಳಲ್ಲಿ ತರ್ಕದ ಮಾತುಗಳನ್ನೂ ಬೀಜಗಣಿತದಂತೆ ಲೆಕ್ಕ ಮಾಡಬಹುದೆಂದು ತೋರಿಸಿದರು.

ಅವರ ಬೀಜಗಣಿತದ ಒಂದು ನಿಯಮ ಹೀಗಿದೆ: ಒಂದು ಬೆಲೆಯನ್ನು ಅದರಿಂದಲೇ ಗುಣಿಸಿದರೆ ಅದೇ ಬೆಲೆ ಬರಬೇಕು. ‘ಕೆಂಪು ಹೂಗಳಲ್ಲಿ ಕೆಂಪಾಗಿರುವವು’ ಎಂದರೆ ಕೆಂಪು ಹೂಗಳೇ ಅಲ್ಲವೇ? ಸಾಮಾನ್ಯ ಸಂಖ್ಯೆಗಳಲ್ಲಿ ಈ ನಿಯಮಕ್ಕೆ ಒಪ್ಪುವವು ಎರಡೇ. 0 × 0 = 0, 1 × 1 = 1. ಎರಡನ್ನು ಎರಡರಿಂದ ಗುಣಿಸಿದರೆ ನಾಲ್ಕಾಗುತ್ತದೆ, ಅದು ಹೊರಗುಳಿಯುತ್ತದೆ. ಹೀಗೆ ತರ್ಕದ ಲೆಕ್ಕಕ್ಕೆ 0 ಮತ್ತು 1 ಸಾಕಾದವು.

ಇದು ಬಹುಕಾಲ ಪುಸ್ತಕದ ಗಣಿತವಾಗಿಯೇ ಉಳಿದಿತ್ತು. 1937ರಲ್ಲಿ ಅಮೆರಿಕದ ಎಂ.ಐ.ಟಿ. ಸಂಸ್ಥೆಯ ವಿದ್ಯಾರ್ಥಿ ಕ್ಲಾಡ್ ಶಾನನ್, ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ತಮ್ಮ ಸ್ನಾತಕೋತ್ತರ ಪ್ರಬಂಧದಲ್ಲಿ ವಿದ್ಯುತ್ ಸ್ವಿಚ್ಚುಗಳ ಜಾಲವೆಲ್ಲವೂ ಬೂಲ್ ಅವರ ಬೀಜಗಣಿತವೇ ಎಂದು ತೋರಿಸಿದರು. ಒಂದರ ಹಿಂದೆ ಒಂದಾಗಿ ಎರಡು ಸ್ವಿಚ್ಚುಗಳಿದ್ದರೆ ಎರಡೂ ಹಾಕಿದಾಗ ಮಾತ್ರ ದೀಪ ಉರಿಯುತ್ತದೆ, ಇದು ‘ಮತ್ತು’. ಅಕ್ಕಪಕ್ಕದ ಎರಡು ದಾರಿಗಳಲ್ಲಿ ಒಂದೊಂದು ಸ್ವಿಚ್ಚಿದ್ದರೆ ಯಾವುದೊಂದನ್ನು ಹಾಕಿದರೂ ಉರಿಯುತ್ತದೆ, ಇದು ‘ಅಥವಾ’. ಇಂದಿನ ಗಣಕದ ಒಳಗಿರುವ ಕೋಟ್ಯಂತರ ಸೂಕ್ಷ್ಮ ಸ್ವಿಚ್ಚುಗಳ ಕೆಲಸವೂ ಇದೇ.

ಮತ್ತು, ಅಥವಾ, ಅಲ್ಲ

ಎಷ್ಟೇ ಸಿಕ್ಕಾದ ಷರತ್ತನ್ನೂ ಮೂರು ಪದಗಳಿಂದ ಕಟ್ಟಬಹುದು.

‘ಮತ್ತು’: ಎರಡೂ ಕಡೆ ನಿಜವಾದರೆ ಮಾತ್ರ ನಿಜ. ಒಂದು ಸುಳ್ಳಾದರೂ ಒಟ್ಟು ಸುಳ್ಳು.
‘ಅಥವಾ’: ಒಂದು ಕಡೆ ನಿಜವಾದರೂ ನಿಜ. ಎರಡೂ ಸುಳ್ಳಾದರೆ ಮಾತ್ರ ಸುಳ್ಳು.
‘ಅಲ್ಲ’: ನಿಜವನ್ನು ಸುಳ್ಳಾಗಿಯೂ ಸುಳ್ಳನ್ನು ನಿಜವಾಗಿಯೂ ತಿರುಗಿಸುತ್ತದೆ.

ಆಡುಮಾತಿಗೂ ಗಣಕದ ಮಾತಿಗೂ ಇಲ್ಲಿ ಒಂದು ಅಂತರವಿದೆ. ‘ಚಹಾ ಅಥವಾ ಕಾಫಿ ಕೊಡಲೇ?’ ಎಂದು ಕೇಳಿದರೆ ಎರಡರಲ್ಲಿ ಒಂದು ಎಂದೇ ಅರ್ಥ. ಗಣಕದ ‘ಅಥವಾ’ದಲ್ಲಿ ಎರಡೂ ನಿಜವಾದರೆ ಒಟ್ಟು ನಿಜವೇ. ಎರಡರಲ್ಲಿ ಒಂದು ಮಾತ್ರ ಎಂಬುದಕ್ಕೆ ಬೇರೆಯೇ ಒಂದು ಕ್ರಿಯೆ ಇದೆ. ಮಾಳಿಗೆಯ ಮೆಟ್ಟಿಲಿನ ದೀಪಕ್ಕೆ ಕೆಳಗೊಂದು, ಮೇಲೊಂದು ಸ್ವಿಚ್ಚಿರುವ ಮನೆಗಳಲ್ಲಿ ಅದನ್ನು ಕಾಣಬಹುದು: ಯಾವ ಸ್ವಿಚ್ಚನ್ನು ತಿರುಗಿಸಿದರೂ ದೀಪದ ಸ್ಥಿತಿ ಬದಲಾಗುತ್ತದೆ.

ಷರತ್ತುಗಳನ್ನು ಕೂಡಿಸುವಾಗ ಆವರಣ ಚಿಹ್ನೆ ಬಹಳ ಮುಖ್ಯ. ಒಂದು ಸೌಲಭ್ಯವು ಕನ್ನಡ ಅಥವಾ ಉರ್ದು ಮಾಧ್ಯಮದ, ನೂರಕ್ಕೆ 75 ಹಾಜರಿ ಇರುವ ಮಕ್ಕಳಿಗೆ ಎಂದು ಊಹಿಸೋಣ.

ಕನ್ನಡ ಅಥವಾ ಉರ್ದು ಮತ್ತು (ಹಾಜರಿ >= 75)

ಹೀಗೆ ಬರೆದರೆ ಸಾಮಾನ್ಯ ಪ್ರೋಗ್ರಾಂ ಭಾಷೆಗಳು ‘ಮತ್ತು’ವನ್ನು ಮೊದಲು ಬಿಡಿಸುತ್ತವೆ. ಆಗ ಹಾಜರಿಯ ನಿಯಮ ಉರ್ದು ಮಾಧ್ಯಮದ ಮಕ್ಕಳಿಗೆ ಮಾತ್ರ ಅನ್ವಯಿಸಿ, ಕನ್ನಡ ಮಾಧ್ಯಮದ ಮಗು 40 ಹಾಜರಿಯಿದ್ದರೂ ಪಟ್ಟಿಗೆ ಸೇರುತ್ತದೆ. ಸರಿಯಾದ ರೂಪ ಇದು:

(ಕನ್ನಡ ಅಥವಾ ಉರ್ದು) ಮತ್ತು (ಹಾಜರಿ >= 75)

ಕೂಡುವ ಮೊದಲು ಗುಣಿಸಬೇಕೆಂಬ ಗಣಿತದ ನಿಯಮವನ್ನು ನೆನೆದರೆ ಇದು ಮರೆಯುವುದಿಲ್ಲ: ‘ಮತ್ತು’ ಗುಣಾಕಾರದಂತೆ, ‘ಅಥವಾ’ ಸಂಕಲನದಂತೆ.

ಲಘು–ಗುರು ಬಲ್ಲವರಿಗೆ ಬೂಲಿಯನ್ ಹೊಸದಲ್ಲ

ಕನ್ನಡ ಮಾಧ್ಯಮದ ವಿದ್ಯಾರ್ಥಿಗೆ ಈ ವಿಷಯದಲ್ಲಿ ಒಂದು ಅನುಕೂಲವಿದೆ. ಅವನು ಛಂದಸ್ಸನ್ನು ಓದುತ್ತಾನೆ. ಪದ್ಯದ ಪ್ರತಿಯೊಂದು ಅಕ್ಷರವೂ ಲಘು ಅಥವಾ ಗುರು, ಮೂರನೆಯದಿಲ್ಲ. ಯಾವುದು ಗುರು? ನಿಯಮವನ್ನು ಸ್ಥೂಲವಾಗಿ ಪ್ರೋಗ್ರಾಂನಂತೆ ಬರೆದು ನೋಡೋಣ.

ಗುರು = (ದೀರ್ಘಾಕ್ಷರ) ಅಥವಾ (ಮುಂದೆ ಒತ್ತಕ್ಷರವಿದೆ) ಅಥವಾ (ಅನುಸ್ವಾರ–ವಿಸರ್ಗವಿದೆ) ಅಥವಾ (ವ್ಯಂಜನದಿಂದ ಮುಗಿಯುತ್ತದೆ)

ನಾಲ್ಕು ಪ್ರಶ್ನೆ, ನಡುವೆ ಮೂರು ‘ಅಥವಾ’. ಒಂದಕ್ಕೆ ಹೌದೆಂದರೂ ಅಕ್ಷರ ಗುರುವಾಯಿತು. ಗುರುವಿಗೆ 1, ಲಘುವಿಗೆ 0 ಹಾಕಿ ನಮ್ಮ ಊರುಗಳ ಹೆಸರಿಗೆ ಪ್ರಸ್ತಾರ ಹಾಕಿದರೆ:

ಮಕ್ತಲ: 1 0 0, ಅಂದರೆ ಭಗಣ.
ಗದ್ವಾಲ: 1 1 0, ಅಂದರೆ ತಗಣ.
ನಾರಾಯಣಪೇಟೆ: 1 1 0, 0 1 0, ಅಂದರೆ ತಗಣ, ಜಗಣ.

ಮೂರಕ್ಷರದ ಗಣಗಳು ಎಂಟೇ ಏಕೆ, ಏಳು ಅಥವಾ ಒಂಬತ್ತು ಏಕಲ್ಲ ಎಂದು ಮಕ್ಕಳನ್ನು ಕೇಳಿನೋಡಿ. ಒಂದು ಸ್ಥಾನಕ್ಕೆ ಎರಡು ಸಾಧ್ಯತೆ; ಮೂರು ಸ್ಥಾನಕ್ಕೆ 2 × 2 × 2 = 8. ಮಗಣ 1 1 1, ನಗಣ 0 0 0; ಉಳಿದ ಆರು ಅವುಗಳ ನಡುವೆ. ಮೂರು ಬೂಲಿಯನ್ ಬೆಲೆಗಳ ಎಲ್ಲ ಸಾಧ್ಯತೆಗಳನ್ನು ಸಾಲಾಗಿ ಬರೆಯುವುದಕ್ಕೆ ಗಣಕಶಾಸ್ತ್ರದಲ್ಲಿ ಸತ್ಯಕೋಷ್ಟಕ ಎನ್ನುತ್ತಾರೆ. ಸಂಸ್ಕೃತದ ಛಂದಶ್ಶಾಸ್ತ್ರಜ್ಞ ಪಿಂಗಳನು ಲಘು–ಗುರುಗಳ ಎಲ್ಲ ವಿನ್ಯಾಸಗಳನ್ನು ಕ್ರಮವಾಗಿ ಬರೆಯುವ ಪ್ರಸ್ತಾರದ ವಿಧಾನವನ್ನು ಬಹು ಹಿಂದೆಯೇ ಕೊಟ್ಟಿದ್ದನು. ಕನ್ನಡದಲ್ಲಿ ಹತ್ತನೆಯ ಶತಮಾನದ ಕೊನೆಯಲ್ಲಿ ಒಂದನೆಯ ನಾಗವರ್ಮನು ‘ಛಂದೋಂಬುಧಿ’ಯನ್ನು ರಚಿಸಿದನು. ವ್ಯಾಕರಣದ ಅವಧಿಯಲ್ಲಿ ಪ್ರಸ್ತಾರ ಹಾಕುವ ಮಗು, ತನಗೆ ಅರಿವಿಲ್ಲದೆಯೇ, ಒಂದು–ಸೊನ್ನೆಗಳ ಅಭ್ಯಾಸ ಮಾಡುತ್ತಿರುತ್ತದೆ.

‘ಅಲ್ಲ’ವನ್ನು ಒಳಗೆ ಕಳುಹಿಸಿದಾಗ

ಇನ್ನು ಲಘು ಎಂದರೇನು? ಗುರುವಲ್ಲದ್ದು. ಮೇಲಿನ ಷರತ್ತಿನ ಮುಂದೆ ‘ಅಲ್ಲ’ ಹಾಕಿದರೆ ಸಾಕು. ಅದನ್ನು ಬಿಡಿಸಿ ಬರೆದರೆ ಹೀಗಾಗುತ್ತದೆ:

ಲಘು = (ದೀರ್ಘವಲ್ಲ) ಮತ್ತು (ಮುಂದೆ ಒತ್ತಕ್ಷರವಿಲ್ಲ) ಮತ್ತು (ಅನುಸ್ವಾರ–ವಿಸರ್ಗವಿಲ್ಲ) ಮತ್ತು (ವ್ಯಂಜನದಿಂದ ಮುಗಿಯುವುದಿಲ್ಲ)

ನಿಷೇಧವು ಒಳಗೆ ಹೋದೊಡನೆ ಪ್ರತಿಯೊಂದು ‘ಅಥವಾ’ವೂ ‘ಮತ್ತು’ ಆಯಿತು. ಇದಕ್ಕೆ ಡಿ ಮಾರ್ಗನ್ ನಿಯಮವೆಂದು ಹೆಸರು. ಬೂಲ್ ಅವರ ಸಮಕಾಲೀನರಾದ ಅಗಸ್ಟಸ್ ಡಿ ಮಾರ್ಗನ್ 1806ರಲ್ಲಿ ಹುಟ್ಟಿದುದು ನಮ್ಮ ದೇಶದ ಮಧುರೆಯಲ್ಲಿ.

ಈ ನಿಯಮವನ್ನು ಮರೆತರೆ ಆಗುವ ತೊಂದರೆಯನ್ನು ಸೂಚನಾ ಫಲಕಗಳಲ್ಲಿ ಕಾಣಬಹುದು. ‘ಜನನ ಪ್ರಮಾಣಪತ್ರ ಅಥವಾ ಆಧಾರ್ ಇಲ್ಲದವರು ಕಚೇರಿಗೆ ಬರಬೇಕು’ ಎಂದು ಬರೆದಿದೆ ಎನ್ನೋಣ. ಆಧಾರ್ ಇದ್ದು ಜನನ ಪ್ರಮಾಣಪತ್ರ ಇಲ್ಲದ ತಾಯಿ ಬರಬೇಕೇ, ಬೇಡವೇ? ಎರಡೂ ಇಲ್ಲದವರು ಎಂದು ಓದಿದರೆ ಬರಬೇಕಾಗಿಲ್ಲ. ಯಾವುದಾದರೊಂದು ಇಲ್ಲದವರು ಎಂದು ಓದಿದರೆ ಬರಬೇಕು. ಕನ್ನಡದ ಆ ವಾಕ್ಯ ಎರಡಕ್ಕೂ ಎಡೆಗೊಡುತ್ತದೆ. ಪ್ರೋಗ್ರಾಂ ಬರೆಯುವವರು ಎರಡರಲ್ಲಿ ಒಂದನ್ನು ಆರಿಸಲೇಬೇಕು; ಅವರ ಆಯ್ಕೆ ತಪ್ಪಿದರೆ ಯಾರದೋ ಅರ್ಜಿ ತಿರಸ್ಕೃತವಾಗುತ್ತದೆ.

ಗಣಕವು ಎಡವುವ ಮೂರು ಕಡೆ

ಮೊದಲನೆಯದು, ‘ಇಲ್ಲ’ ಎಂದು ಬರೆದರೂ ‘ಹೌದು’ ಎಂದು ತಿಳಿಯುವುದು. ಪೈಥಾನ್ ಭಾಷೆಯಲ್ಲಿ ಸೊನ್ನೆಯನ್ನೂ ಖಾಲಿ ಪದವನ್ನೂ ಷರತ್ತಿನ ಜಾಗದಲ್ಲಿಟ್ಟರೆ ಸುಳ್ಳೆಂದು ಎಣಿಸಲಾಗುತ್ತದೆ; ಅಕ್ಷರವಿರುವ ಯಾವ ಪದವಾದರೂ ನಿಜ. ಹೀಗಾಗಿ ಚೌಕದಲ್ಲಿ ‘ಇಲ್ಲ’ ಎಂಬ ಪದವನ್ನೇ ಟೈಪು ಮಾಡಿದ್ದು, ಪ್ರೋಗ್ರಾಂ ಆ ಪದದ ಅರ್ಥವನ್ನು ಹೋಲಿಸಿ ನೋಡದೆ ನೇರವಾಗಿ ಷರತ್ತಿನಲ್ಲಿ ಇಟ್ಟಿದ್ದರೆ ಅದು ನಿಜವಾಗುತ್ತದೆ. ‘ಸುಳ್ಳು’ ಎಂಬ ಪದವೂ ಅಲ್ಲಿ ನಿಜವೇ! ಈ ನಿಯಮ ಎಲ್ಲ ಭಾಷೆಗಳಲ್ಲಿ ಒಂದೇ ಅಲ್ಲ. ಸಿ ಭಾಷೆಯಲ್ಲಿ ಸೊನ್ನೆ ಸುಳ್ಳು, ಸೊನ್ನೆಯಲ್ಲದ ಪ್ರತಿ ಸಂಖ್ಯೆಯೂ ನಿಜ. ರೂಬಿ ಭಾಷೆಯಲ್ಲಿ ಸೊನ್ನೆಯೂ ನಿಜ. ಆದುದರಿಂದ ಭಾಷೆಯ ಪದ್ಧತಿಯನ್ನು ನಂಬುವ ಬದಲು ಹೋಲಿಕೆಯನ್ನು ಸ್ಪಷ್ಟವಾಗಿ ಬರೆಯುವುದು ಲೇಸು: ಉತ್ತರ == ‘ಹೌದು’.

ಎರಡನೆಯದು, ಕಣ್ಣಿಗೆ ಒಂದೇ ಆಗಿ ಗಣಕಕ್ಕೆ ಬೇರೆಯಾಗುವುದು. ಗಡಿಭಾಗದ ನಮಗೆ ಇದು ವಿಶೇಷವಾಗಿ ಅನ್ವಯಿಸುತ್ತದೆ. ಯೂನಿಕೋಡ್ ಪದ್ಧತಿಯಲ್ಲಿ ಪ್ರತಿಯೊಂದು ಅಕ್ಷರಕ್ಕೂ ಒಂದು ಸಂಖ್ಯೆಯಿದೆ. ಕನ್ನಡದ ‘ರ’ಕ್ಕೆ 3248, ನೋಡಲು ಬಹುತೇಕ ಹಾಗೆಯೇ ಇರುವ ತೆಲುಗಿನ ‘ರ’ಕ್ಕೆ 3120. ಒಂದೇ ಫೋನಿನಲ್ಲಿ ಎರಡೂ ಕೀಲಿಮಣೆಗಳಿರುವ ನಮ್ಮ ಮನೆಗಳಲ್ಲಿ ಮಗುವಿನ ಹೆಸರಿನ ನಡುವೆ ಇನ್ನೊಂದು ಲಿಪಿಯ ಅಕ್ಷರ ನುಸುಳಿದರೆ, ಕಣ್ಣಿಗೆ ಎರಡು ಹೆಸರೂ ಒಂದೇ; ‘==’ ಕೇಳಿದರೆ ಉತ್ತರ ಸುಳ್ಳು. ಹೆಸರಿನ ಕೊನೆಯಲ್ಲಿ ಉಳಿದ ಒಂದು ಖಾಲಿ ಜಾಗವೂ ಹೀಗೆಯೇ ಮಾಡುತ್ತದೆ. ಪದಗಳಾಗಿ ಹೋಲಿಸಿದರೆ ‘೩೫’ ಮತ್ತು ‘35’ ಬೇರೆ ಬೇರೆ. ಪೈಥಾನ್‌ನಲ್ಲಿ ಎರಡನ್ನೂ ಸಂಖ್ಯೆಯಾಗಿ ಮಾರ್ಪಡಿಸಿ ಹೋಲಿಸಿದರೆ ಮಾತ್ರ ಒಂದೇ.

ಮೂರನೆಯದು, ಕೇಳಬಾರದ ಪ್ರಶ್ನೆಯನ್ನು ಕೇಳುವುದು. ಹಾಜರಿಯ ಪ್ರಮಾಣ ಬೇಕಾದರೆ ಮಗು ಬಂದ ದಿನಗಳನ್ನು ಶಾಲೆ ನಡೆದ ದಿನಗಳಿಂದ ಭಾಗಿಸಬೇಕು. ಶಾಲೆ ಇನ್ನೂ ಆರಂಭವಾಗದಿದ್ದರೆ ಸೊನ್ನೆಯಿಂದ ಭಾಗಿಸಿದಂತಾಗಿ ಪ್ರೋಗ್ರಾಂ ನಿಂತುಹೋಗುತ್ತದೆ. ಅದಕ್ಕಾಗಿ ‘(ನಡೆದ ದಿನ > 0) ಮತ್ತು (ಬಂದ ದಿನ ÷ ನಡೆದ ದಿನ >= 0.75)’ ಎಂದು ಬರೆಯುತ್ತಾರೆ. ‘ಮತ್ತು’ವಿನ ಎಡಭಾಗ ಸುಳ್ಳಾದೊಡನೆ ಉತ್ತರ ತಿಳಿದುಹೋಯಿತು, ಹೆಚ್ಚಿನ ಭಾಷೆಗಳು ಬಲಭಾಗವನ್ನು ನೋಡುವುದೇ ಇಲ್ಲ. ಬಾವಿಯಲ್ಲಿ ನೀರಿದೆಯೇ ಎಂದು ನೋಡಿ, ಇದ್ದರೆ ಮಾತ್ರ ಮೋಟಾರಿನ ಗುಂಡಿ ಒತ್ತುವ ರೈತನ ಜಾಣ್ಮೆ ಇದು.

ಸುಳ್ಳೂ ಅಲ್ಲದ ಮೂರನೆಯ ಸ್ಥಿತಿ

ಈಗ ಅತಿ ಮುಖ್ಯವಾದ ಮಾತಿಗೆ ಬರೋಣ. ಅರ್ಜಿಯಲ್ಲಿ ‘ಮಾಧ್ಯಮ ಕನ್ನಡವೇ?’ ಎಂಬ ಚೌಕವನ್ನು ಪೋಷಕರು ತುಂಬಲಿಲ್ಲ. ಅದರ ಬೆಲೆ ಏನು? ನಿಜವಲ್ಲ, ಆದರೆ ಸುಳ್ಳೂ ಅಲ್ಲ. ಅದು ತಿಳಿಯದ ಬೆಲೆ. ಮಾಹಿತಿಕೋಶಗಳಲ್ಲಿ ಇದಕ್ಕೆ ‘ನಲ್’ ಎಂದು ಹೆಸರು.

ಕನ್ನಡಕ್ಕೆ ಈ ಸೂಕ್ಷ್ಮ ಸಹಜವಾಗಿಯೇ ಗೊತ್ತಿದೆ. ‘ಇದು ಕನ್ನಡ ಶಾಲೆ ಅಲ್ಲ’ ಎನ್ನುವುದು ಬೇರೆ, ‘ಇಲ್ಲಿ ಕನ್ನಡ ಶಾಲೆ ಇಲ್ಲ’ ಎನ್ನುವುದು ಬೇರೆ. ‘ಅಲ್ಲ’ ಎಂಬುದು ಇರುವ ವಸ್ತು ಹಾಗಿಲ್ಲವೆಂದು ಹೇಳುತ್ತದೆ. ‘ಇಲ್ಲ’ ಎಂಬುದು ವಸ್ತುವೇ ಇಲ್ಲವೆಂದು ಹೇಳುತ್ತದೆ. ‘ಉತ್ತರ ಕನ್ನಡವಲ್ಲ’ ಮತ್ತು ‘ಉತ್ತರವೇ ಇಲ್ಲ’ ಎಂಬ ಎರಡನ್ನು ಪ್ರೋಗ್ರಾಂ ಒಂದೇ ಎಂದು ತಿಳಿದರೆ ಅನ್ಯಾಯ ಆರಂಭವಾಗುತ್ತದೆ.

ಒಂದು ಕಲ್ಪಿತ ತರಗತಿಯಲ್ಲಿ 40 ಮಕ್ಕಳಿದ್ದಾರೆ ಎನ್ನೋಣ. ಕನ್ನಡ ಚೌಕದಲ್ಲಿ 22 ಜನರಿಗೆ ನಿಜ, 11 ಜನರಿಗೆ ಸುಳ್ಳು, 7 ಜನರಿಗೆ ಖಾಲಿ. ಮಾಹಿತಿಕೋಶಗಳಲ್ಲಿ ವ್ಯಾಪಕವಾಗಿ ಬಳಸುವ ಎಸ್‌ಕ್ಯುಎಲ್ ಭಾಷೆಯಲ್ಲಿ ‘ಕನ್ನಡ = ನಿಜ ಆಗಿರುವವರನ್ನು ಕೊಡು’ ಎಂದರೆ 22 ಹೆಸರು ಬರುತ್ತವೆ. ‘ಹಾಗಲ್ಲದವರನ್ನು ಕೊಡು’ ಎಂದರೆ ಉಳಿದ 18 ಬರಬೇಕಲ್ಲವೇ? ಬರುವುದು 11 ಮಾತ್ರ. ತಿಳಿಯದ ಬೆಲೆಯನ್ನು ಯಾವುದರೊಡನೆ ಹೋಲಿಸಿದರೂ ಉತ್ತರ ತಿಳಿಯದು. ಅದರ ಮುಂದೆ ‘ಅಲ್ಲ’ ಹಾಕಿದರೂ ತಿಳಿಯದೆಂಬುದೇ ಉತ್ತರ. ನಿಜವೆಂದು ಸಿದ್ಧವಾದ ಸಾಲುಗಳನ್ನು ಮಾತ್ರ ಆ ಭಾಷೆ ಪಟ್ಟಿಗೆ ಸೇರಿಸುತ್ತದೆ. ಏಳು ಮಕ್ಕಳು ಎರಡೂ ಪಟ್ಟಿಗಳಿಂದ ಹೊರಗೆ ಉಳಿದರು. ಎಲ್ಲಿಯೂ ದೋಷದ ಸೂಚನೆ ಕಾಣಿಸಲಿಲ್ಲ.

ಇನ್ನು ಕೆಲವು ಪ್ರೋಗ್ರಾಂಗಳು ಮುಟ್ಟದ ಚೌಕವನ್ನು ತಾವಾಗಿಯೇ ಸುಳ್ಳೆಂದು ಬರೆದಿಡುತ್ತವೆ. ಆಗ ಲೆಕ್ಕ 22 ಮತ್ತು 18 ಆಗಿ ಸರಿಹೊಂದಿದಂತೆ ಕಾಣುತ್ತದೆ. ಆದರೆ ಆ 18ರಲ್ಲಿ ಉತ್ತರವನ್ನೇ ಕೊಡದ 7 ಮಕ್ಕಳು ‘ಕನ್ನಡವಲ್ಲ’ ಎಂದು ದಾಖಲಾಗಿರುತ್ತಾರೆ. ಮೊದಲನೆಯ ತಪ್ಪನ್ನು ಒಟ್ಟು ಸಂಖ್ಯೆಯಿಂದ ಹಿಡಿಯಬಹುದು. ಎರಡನೆಯದನ್ನು ಹಿಡಿಯುವುದು ಕಷ್ಟ. ಸಂಖ್ಯೆಯಲ್ಲಿ ಕಡಿಮೆ ಇರುವ ಭಾಷಿಕರಿಗೆ ಏಳೆಂಬುದು ಸಣ್ಣ ಅಂಕಿಯಲ್ಲ.

ಭಾಷೆ ಒಂದೇ ಚೌಕದ ವಿಷಯವೇ?

ಬೂಲಿಯನ್ ಬೆಲೆಯನ್ನು ಎಲ್ಲಿ ಬಳಸಬೇಕು ಎಂಬುದರಷ್ಟೇ ಎಲ್ಲಿ ಬಳಸಬಾರದು ಎಂಬುದೂ ಮುಖ್ಯ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಅಂದಿನ ರಾಯಚೂರು ಜಿಲ್ಲೆಯ ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು, ಗುಲಬರ್ಗಾ ಜಿಲ್ಲೆಯ ಕೊಡಂಗಲ್ ತಾಲ್ಲೂಕು ಆಂಧ್ರಪ್ರದೇಶಕ್ಕೆ ಸೇರಿದವು. 2014ರಲ್ಲಿ ಈ ಪ್ರದೇಶವೆಲ್ಲ ತೆಲಂಗಾಣವಾಯಿತು. ಒಂದು ತಾಲ್ಲೂಕು ಈ ರಾಜ್ಯದಲ್ಲಿದೆಯೇ ಎಂಬುದಕ್ಕೆ ನಿಜ ಅಥವಾ ಸುಳ್ಳೆಂಬ ಒಂದೇ ಉತ್ತರ ಸಾಧ್ಯ. ಆ ತಾಲ್ಲೂಕಿನ ಮನೆಯಲ್ಲಿ ಆಡುವ ಮಾತು ಹಾಗಲ್ಲ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತೆಲುಗು, ಗೆಳೆಯರೊಡನೆ ಉರ್ದು ಆಡುವ ಮಗು ನಮ್ಮಲ್ಲಿ ಸಾಮಾನ್ಯ.

ಇಂತಹ ಮಗುವಿನ ಮುಂದೆ ‘ಕನ್ನಡವೋ, ತೆಲುಗೋ? ಒಂದನ್ನು ಆರಿಸು’ ಎಂಬ ಚೌಕವನ್ನಿಟ್ಟರೆ, ಒಂದಕ್ಕೆ ಹೌದೆಂದೊಡನೆ ಇನ್ನೊಂದಕ್ಕೆ ಅಲ್ಲವೆಂದಂತಾಗುತ್ತದೆ. ಸರಿಯಾದ ರಚನೆಯಲ್ಲಿ ಮೂರು ಬೇರೆ ಬೇರೆ ಬೂಲಿಯನ್ ಚೌಕಗಳಿರಬೇಕು: ಕನ್ನಡ ಬಲ್ಲದೇ, ತೆಲುಗು ಬಲ್ಲದೇ, ಉರ್ದು ಬಲ್ಲದೇ. ಮೂರು ಚೌಕಕ್ಕೆ ಎಂಟು ಸಾಧ್ಯತೆ, ಮೂರಕ್ಷರದ ಗಣಗಳಂತೆಯೇ. ಮೂರೂ ಬಲ್ಲ ಮಗು 1 1 1. ಮಾತೃಭಾಷೆ ಯಾವುದು, ಓದುವ ಮಾಧ್ಯಮ ಯಾವುದು ಎಂಬುವು ಇವುಗಳಿಂದ ಬೇರೆಯಾದ ಪ್ರಶ್ನೆಗಳು. 2011ರ ಜನಗಣತಿಯಲ್ಲಿ ಮಾತೃಭಾಷೆಯನ್ನು ಪ್ರತ್ಯೇಕವಾಗಿ ಕೇಳಿ, ತಿಳಿದಿರುವ ಇನ್ನೆರಡು ಭಾಷೆಗಳನ್ನೂ ಬರೆದುಕೊಳ್ಳುವ ಅವಕಾಶವಿತ್ತು. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಒದಗಿಸಲು ರಾಜ್ಯಗಳು ಯತ್ನಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಆ ಸೌಲಭ್ಯ ಎಷ್ಟು ಮಕ್ಕಳಿಗೆ ಬೇಕೆಂಬುದು ತಿಳಿಯಬೇಕಾದರೆ ಚೌಕಗಳು ಸರಿಯಾಗಿರಬೇಕು, ತುಂಬಿರಬೇಕು.

ಮನೆಯಲ್ಲಿ ಮಾಡಬೇಕಾದುದು

ಪೋಷಕರು ಅರ್ಜಿ ತುಂಬುವಾಗ ಭಾಷೆ, ಮಾಧ್ಯಮ, ಮಾತೃಭಾಷೆ ಎಂಬ ಯಾವ ಚೌಕವನ್ನೂ ಖಾಲಿ ಬಿಡಬಾರದು. ಮೀಸೇವಾ ಕೇಂದ್ರದಲ್ಲಿ ಅಥವಾ ಬೇರೆ ಅಂಗಡಿಯಲ್ಲಿ ಇನ್ನೊಬ್ಬರು ತುಂಬಿಕೊಟ್ಟರೆ, ಕಳುಹಿಸುವ ಮೊದಲು ತೆರೆಯ ಮೇಲಿನ ಆ ಸಾಲುಗಳನ್ನು ಓದಿಸಿ ಕೇಳಬೇಕು. ಮುದ್ರಿತ ಪ್ರತಿಯನ್ನು ಇಟ್ಟುಕೊಳ್ಳಬೇಕು. ಮಗುವಿನ ಹೆಸರಿನ ಅಕ್ಷರಗಳು ಎಲ್ಲ ಕಾಗದಗಳಲ್ಲಿಯೂ ಒಂದೇ ಆಗಿವೆಯೇ ಎಂದು ನೋಡಬೇಕು. ಶಾಲೆಯವರು ಎರಡು ಪಟ್ಟಿಗಳ ಮೊತ್ತ ಹಾಜರಿ ಪುಸ್ತಕದ ಒಟ್ಟು ಸಂಖ್ಯೆಗೆ ಸರಿಹೊಂದುತ್ತದೆಯೇ ಎಂದು ಲೆಕ್ಕ ಹಾಕುವುದರ ಜೊತೆಗೆ, ‘ಅಲ್ಲ’ ಎಂಬ ಪಟ್ಟಿಯನ್ನು ಹೆಸರು ಹಿಡಿದು ಓದುವುದು ಒಳ್ಳೆಯದು.

ವಿದ್ಯಾರ್ಥಿಗಳಿಗೆ ಮೂರು ಅಭ್ಯಾಸಗಳು. ಪೈಥಾನ್ ಭಾಷೆಯ ಮೂರನೆಯ ಆವೃತ್ತಿಯಲ್ಲಿ ಆಜ್ಞಾಪದಗಳು ಇಂಗ್ಲಿಷಿನವೇ ಆದರೂ ಚರಗಳಿಗೆ ‘ಅಂಕ’, ‘ಹಾಜರಿ’ ಎಂದು ಕನ್ನಡದಲ್ಲಿಯೇ ಹೆಸರಿಡಬಹುದು. ಗಣಕವಿಲ್ಲದಿದ್ದರೂ ಕಾಗದದ ಮೇಲೆ ಮಾಡಬಹುದು.

1. ನಿಮ್ಮ ಹೆಸರಿಗೆ ಪ್ರಸ್ತಾರ ಹಾಕಿ, ಗುರುವಿಗೆ 1, ಲಘುವಿಗೆ 0 ಬರೆಯಿರಿ. ನಾಲ್ಕಕ್ಷರದ ಹೆಸರುಗಳಿಗೆ ಒಟ್ಟು ಎಷ್ಟು ವಿನ್ಯಾಸಗಳು ಸಾಧ್ಯ?
2. ‘ಅಂಕ 35ಕ್ಕಿಂತ ಕಡಿಮೆ ಅಥವಾ ಹಾಜರಿ 75ಕ್ಕಿಂತ ಕಡಿಮೆ’ ಎಂಬುದರ ಮುಂದೆ ‘ಅಲ್ಲ’ ಹಾಕಿ ಬಿಡಿಸಿ ಬರೆಯಿರಿ.
3. ‘ಅಂಕ >= 35’ ಎಂಬುದರಲ್ಲಿ ಅಂಕವೇ ಖಾಲಿಯಾಗಿದ್ದರೆ ನೀವು ಏನು ಬರೆಯುತ್ತೀರಿ: ಉತ್ತೀರ್ಣ, ಅನುತ್ತೀರ್ಣ, ಅಥವಾ ಇನ್ನೊಂದು?

ಮೊದಲನೆಯದಕ್ಕೆ ಉತ್ತರ 16. ಎರಡನೆಯದಕ್ಕೆ ‘ಅಂಕ >= 35 ಮತ್ತು ಹಾಜರಿ >= 75’. ಮೂರನೆಯದಕ್ಕೆ ಉತ್ತೀರ್ಣವೂ ಸರಿಯಲ್ಲ, ಅನುತ್ತೀರ್ಣವೂ ಸರಿಯಲ್ಲ. ‘ಅಂಕ ಬಂದಿಲ್ಲ, ವಿಚಾರಿಸಬೇಕು’ ಎಂದು ಬರೆದ ವಿದ್ಯಾರ್ಥಿ ಈ ಪಾಠವನ್ನು ಚೆನ್ನಾಗಿ ಕಲಿತಿದ್ದಾನೆ.